ನೆನೆಯುವುದಾದರೆ ಇಡಿಯಾಗಿ

(ಕುಡಿತದಿಂದ ಬಂಧುಗಳನ್ನು ಕಳೆದುಕೊಂಡವರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಬದುಕಿದ್ದಷ್ಟು ದಿನ ಮನೆಮಂದಿಯನ್ನೆಲ್ಲ ಹೈರಾಣಾಗಿಸಿದ ಮನುಷ್ಯನೊಬ್ಬ ತೀರಿಕೊಂಡ ಮೇಲೆ ಅವನ ಬಗ್ಗೆ ಎರಡು ಕಥೆಗಳು ಹುಟ್ಟಿಕೊಳ್ಳುತ್ತವೆ. ಹೊರಗಿನವರೆದುರು ಹೇಳುವ ಕಥೆ ಒಂದು: ‘ಚಿನ್ನದಂಥ ಮನುಷ್ಯ, ಯಾರಿಗೂ ಕೇಡು ಬಗೆದವನಲ್ಲ.’ ಬಾಗಿಲು ಹಾಕಿಕೊಂಡು ಹೇಳುವ ಕಥೆ ಇನ್ನೊಂದು: ‘ಹೋಗಿದ್ದೇ ಒಳ್ಳೆಯದಾಯಿತು, ಇದ್ದು ಯಾರನ್ನು ಉದ್ಧಾರ ಮಾಡಿದ?’ ಎರಡನ್ನೂ ಹೇಳುವವರು ಅನೇಕ ವೇಳೆ ಅದೇ ಜನ. ಈ ಎರಡು ಕಥೆಗಳ ನಡುವೆ ಸಿಕ್ಕಿಕೊಂಡವರ ಬಗ್ಗೆ ಇವತ್ತು ಮಾತನಾಡಬೇಕೆಂದಿದ್ದೇನೆ. ಈ ಸಭೆಯಲ್ಲಿ ಕುಳಿತಿರುವ ಹೆಚ್ಚಿನವರು ಅಂಥವರೇ ಎಂದು ನನಗೆ ಗೊತ್ತು.

ಸತ್ತವರ ಬಗ್ಗೆ ಕೆಟ್ಟದ್ದನ್ನು ಆಡಬಾರದು ಎನ್ನುವ ಮಾತು ಬಹಳ ಹಳೆಯದು. ಗ್ರೀಕರು ಅದನ್ನು ತಮ್ಮ ಏಳು ಮಂದಿ ಜ್ಞಾನಿಗಳಲ್ಲಿ ಒಬ್ಬನಾದ ಸ್ಪಾರ್ಟಾದ ಚಿಲೋನ್‌ನ ಮಾತೆಂದು ಹೇಳುತ್ತಿದ್ದರು. ಅವನು ಕ್ರಿಸ್ತಪೂರ್ವ 6ನೆಯ ಶತಮಾನದವನು. ಉತ್ತರ ಕೊಡಲಾರದವನ ಮೇಲೆ ಕಲ್ಲೆಸೆಯಬಾರದು ಎಂಬ ಅರ್ಥದಲ್ಲಿ ಅದು ಘನವಾದ ನಿಯಮ. ಆದರೆ ಆ ನಿಯಮವನ್ನು ಸತ್ತವನ ಹೆಂಡತಿಯ ಮೇಲೆ, ಮಕ್ಕಳ ಮೇಲೆ ಹೇರಿದಾಗ ಏನಾಗುತ್ತದೆ ನೋಡಿ. ವರ್ಷಗಟ್ಟಲೆ ಯಾರಿಂದ ಪೆಟ್ಟು ತಿಂದರೋ ಅವನ ಸಾವಿನ ದಿನವೂ ಅವರು ಬಾಯಿ ಮುಚ್ಚಿಕೊಂಡೇ ಇರಬೇಕಾಗುತ್ತದೆ. ಬದುಕಿದ್ದಾಗ ಮಾನ ಹೋಗುತ್ತದೆ ಎಂದು ಸುಮ್ಮನಿದ್ದವರು, ಸತ್ತ ಮೇಲೆ ಮರ್ಯಾದೆಯಲ್ಲ ಎಂದು ಸುಮ್ಮನಿರಬೇಕು. ಹಾಗಾದರೆ ಅವರು ಮಾತನಾಡುವುದು ಯಾವಾಗ?

ನನ್ನ ಚಿಕ್ಕಪ್ಪನ ಕಥೆ ಹೇಳುತ್ತೇನೆ. ಚಿಕ್ಕಮ್ಮನ ಮತ್ತು ಅವರ ಮಗನ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ.

ಚಿಕ್ಕಪ್ಪ ರೇಡಿಯೊ ರಿಪೇರಿ ಮಾಡುತ್ತಿದ್ದ. ವಾಲ್ವ್ ಸೆಟ್ಟುಗಳ ಕಾಲದಲ್ಲಿ ಕೆಲಸ ಕಲಿತವನು, ಟ್ರಾನ್ಸಿಸ್ಟರ್ ಬಂದ ಮೇಲೆ ಅದನ್ನೂ ತಾನೇ ಕಲಿತುಕೊಂಡ. ಅವನ ಮೇಜಿನ ಮೇಲೆ ಯಾವಾಗಲೂ ಹೊಟ್ಟೆ ಬಿಚ್ಚಿದ ಸೆಟ್ಟುಗಳಿರುತ್ತಿದ್ದವು. ಸೋಲ್ಡರಿಂಗ್ ಐರನ್‌ನ ತುದಿ ರಾಳಕ್ಕೆ ತಾಗಿದಾಗ ಏಳುವ ಹೊಗೆಯ ವಾಸನೆ ಇವತ್ತೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ.

ಅವನು ನನಗೆ ಕಲಿಸಿದ ಕೆಲಸ ಡಯಲ್ ದಾರ ಹಾಕುವುದು. ಹಳೆಯ ರೇಡಿಯೊಗಳಲ್ಲಿ ಸ್ಟೇಷನ್ ತೋರಿಸುವ ಮುಳ್ಳು ಓಡಾಡುವುದು ಒಂದು ತೆಳುವಾದ ದಾರದ ಮೇಲೆ. ತಿರುಗಿಸುವ ಗುಬ್ಬಿಯ (ನಾಬ್‌ನ) ಕಂಬಿಗೆ ಆ ದಾರವನ್ನು ಎರಡು ಮೂರು ಸುತ್ತು ಸುತ್ತಬೇಕು, ಮೂಲೆಗಳಲ್ಲಿರುವ ಪುಟ್ಟ ರಾಟೆಗಳ ಮೇಲೆ ಹಾಯಿಸಬೇಕು, ಮೆಕ್ಯಾನಿಕ್‌ಗಳು ಗ್ಯಾಂಗ್ ಎಂದು ಕರೆಯುವ ಕಂಡೆನ್ಸರ್‌ನ ಚಕ್ರಕ್ಕೆ ತಂದು, ಸಣ್ಣ ಸ್ಪ್ರಿಂಗ್ ಒಂದಕ್ಕೆ ಬಿಗಿಯಾಗಿ ಕಟ್ಟಬೇಕು. ಒಂದು ಸುತ್ತು ತಿರುವುಮುರುವಾದರೆ ಗುಬ್ಬಿಯನ್ನು ಬಲಕ್ಕೆ ತಿರುಗಿಸಿದಾಗ ಮುಳ್ಳು ಎಡಕ್ಕೆ ಓಡುತ್ತದೆ. ದಾರ ಸ್ವಲ್ಪ ಸಡಿಲವಾದರೂ ಜಾರುತ್ತದೆ. ದೊಡ್ಡವರ ಬೆರಳು ಹೋಗದ ಸಂದಿಗೆ ನನ್ನ ಬೆರಳು ಹೋಗುತ್ತಿತ್ತು. ‘ಅಲ್ಲೇ ಒತ್ತಿ ಹಿಡಿ, ಬಿಡಬೇಡ, ಉಸಿರಾಡು, ಉಸಿರು ಯಾಕೆ ಕಟ್ಟಿದ್ದೀ?’ ಎನ್ನುತ್ತ ಅವನು ಉಳಿದ ದಾರವನ್ನು ಸುತ್ತುತ್ತಿದ್ದ. ಮುಳ್ಳು ಸರಿಯಾಗಿ ಓಡಿದಾಗ ಗಿರಾಕಿಯ ಮುಂದೆಯೇ, ‘ಇದು ನಮ್ಮ ಹುಡುಗಿ ಹಾಕಿದ ದಾರ’ ಎಂದು ಹೇಳುತ್ತಿದ್ದ. ಒಂಬತ್ತು ಹತ್ತು ವರ್ಷದ ಹುಡುಗಿಗೆ ಬೇರೆ ಯಾವ ದೊಡ್ಡವರೂ ಅಷ್ಟು ಮರ್ಯಾದೆ ಕೊಟ್ಟಿರಲಿಲ್ಲ. ಶಾಲೆಗೆ ತಡವಾದ ದಿನ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಬಿಟ್ಟು ಬರುತ್ತಿದ್ದವನೂ ಅವನೇ.

ಅದೇ ಮನುಷ್ಯ ರಿಪೇರಿಗೆ ಬಂದ ಪರರ ಸೆಟ್ಟನ್ನು ಮಾರಿ ಕುಡಿದಿದ್ದಾನೆ. ಮಗನ ಶಾಲೆಯ ಶುಲ್ಕಕ್ಕೆಂದು ಚಿಕ್ಕಮ್ಮ ಎತ್ತಿಟ್ಟ ಹಣ ಒಂದಕ್ಕಿಂತ ಹೆಚ್ಚು ಸಲ ಮಾಯವಾಗಿದೆ. ಸಾಲಗಾರರು ಬಾಗಿಲಿಗೆ ಬಂದಾಗ ಅವನು ಹಿತ್ತಲಲ್ಲಿ ಅಡಗಿರುತ್ತಿದ್ದ, ಅವರಿಗೆ ಉತ್ತರ ಹೇಳುತ್ತಿದ್ದವಳು ಚಿಕ್ಕಮ್ಮ. ರಾತ್ರಿ ಅಗುಳಿಯ ಸದ್ದಿನಿಂದಲೇ ಅವನು ಎಷ್ಟು ಕುಡಿದಿದ್ದಾನೆಂದು ಆ ಮನೆಯ ಮಗುವಿಗೆ ತಿಳಿಯುತ್ತಿತ್ತು. ಒಂದೇ ಏಟಿಗೆ ಅಗುಳಿ ತೆಗೆದರೆ ಪರವಾಗಿಲ್ಲ, ಎರಡು ಮೂರು ಸಲ ತಡಕಾಡಿದರೆ ಪುಸ್ತಕ ಮುಚ್ಚಿ ಮಲಗಿದಂತೆ ನಟಿಸಬೇಕು. ಹೆಂಡತಿಯ ಮೇಲೆ ಕೈ ಮಾಡಿದ್ದಾನೆ, ಮಗನ ಮೇಲೂ ಮಾಡಿದ್ದಾನೆ. ಮರುದಿನ ಬೆಳಿಗ್ಗೆ ಅವನೇ ಅತ್ತು ಆಣೆ ಹಾಕಿದ್ದಾನೆ. ಆ ಆಣೆಗಳು ಸುಳ್ಳಾಗಿದ್ದವೆಂದು ನನಗೆ ಅನ್ನಿಸುವುದಿಲ್ಲ. ಹಾಕುವ ಹೊತ್ತಿನಲ್ಲಿ ಅವು ನಿಜವೇ. ಸಂಜೆಯ ತನಕ ಬಾಳುವ ಶಕ್ತಿ ಅವಕ್ಕಿರಲಿಲ್ಲ, ಅಷ್ಟೆ.

ಅವನ ಕೈಗಳ ವಿಷಯ ಹೇಳಲೇಬೇಕು. ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿತ್ತು. ನೀರಿನ ಲೋಟವನ್ನು ಎರಡೂ ಕೈಯಲ್ಲಿ ಹಿಡಿದರೂ ತುಳುಕುತ್ತಿತ್ತು. ಆ ಕೈಯಲ್ಲಿ ಬೆಸುಗೆ ಹಾಕುವುದು ಸಾಧ್ಯವೇ ಇರಲಿಲ್ಲ. ಹೊರಗೆ ಹೋಗಿ ಸ್ವಲ್ಪ ಹಾಕಿಕೊಂಡು ಬಂದರೆ ನಡುಕ ನಿಂತು, ಕಡಲೆಯಷ್ಟೂ ಇಲ್ಲದ ಜಾಗದಲ್ಲಿ ನಿಖರವಾಗಿ ಬೆಸುಗೆಯ ಬಿಂದು ಇಡುತ್ತಿದ್ದ. ಮನೆಯವರು ಇದನ್ನು ನೋಡಿ ಹೇಳುತ್ತಿದ್ದುದು ಒಂದೇ ಮಾತು: ‘ನೋಡಿ, ಕುಡಿಯಲು ನೆಪ.’ ಅದು ನೆಪವಾಗಿರಲಿಲ್ಲ.

ಇದರ ಕಾರಣ ಈಗ ಎಲ್ಲ ವೈದ್ಯರಿಗೂ ಗೊತ್ತಿದೆ, ಆದರೆ ಮನೆಗಳಿಗೆ ಇನ್ನೂ ತಲುಪಿಲ್ಲ. ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕವಿದೆ, ಅವನ್ನು ಕೆರಳಿಸುವ ಗ್ಲುಟಮೇಟ್ ಎಂಬುದಿದೆ. ಮದ್ಯ ಮೊದಲನೆಯದರ ಪ್ರಭಾವವನ್ನು ಹೆಚ್ಚಿಸುತ್ತದೆ, ಎರಡನೆಯದರ ಪ್ರಭಾವವನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿದರೆ ಮಿದುಳು ಸುಮ್ಮನಿರುವುದಿಲ್ಲ. ಸಮತೋಲ ಕಾಯಲು ಕೆರಳಿಸುವ ಕಡೆಯ ಬಲವನ್ನು ಏರಿಸಿಕೊಳ್ಳುತ್ತದೆ. ಹಗ್ಗ ಜಗ್ಗಾಟದಲ್ಲಿ ಒಂದು ಕಡೆಯವರು ಥಟ್ಟನೆ ಕೈಬಿಟ್ಟರೆ ಇನ್ನೊಂದು ಕಡೆಯವರು ಹಿಂದಕ್ಕೆ ಮಗುಚಿಬೀಳುತ್ತಾರಲ್ಲ, ಕುಡಿತ ನಿಂತೊಡನೆ ದೇಹಕ್ಕೆ ಆಗುವುದು ಅದೇ. ಕೊನೆಯ ಗುಟುಕಿನ ನಂತರ ಆರೆಂಟು ಗಂಟೆಗಳಲ್ಲಿ ನಡುಕ, ಬೆವರು, ತಳಮಳ ಶುರುವಾಗುತ್ತವೆ. ಕೆಲವರಿಗೆ ಮೊದಲ 48 ಗಂಟೆಗಳ ಒಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿಯುತ್ತದೆ: ಇಲ್ಲದ್ದು ಕಾಣುತ್ತದೆ, ಹೊತ್ತುಗೊತ್ತು ತಿಳಿಯುವುದಿಲ್ಲ, ಜ್ವರ ಏರುತ್ತದೆ, ಎದೆಬಡಿತ ತಾಳತಪ್ಪುತ್ತದೆ. 1813ರಲ್ಲಿ ಥಾಮಸ್ ಸಟನ್ ಎಂಬ ಇಂಗ್ಲೆಂಡಿನ ವೈದ್ಯ ಇದನ್ನು ವಿವರಿಸಿ ಡೆಲಿರಿಯಮ್ ಟ್ರೆಮೆನ್ಸ್ ಎಂದು ಕರೆದ. ಚಿಕಿತ್ಸೆ ಸಿಗದಿದ್ದರೆ ಇದರಲ್ಲಿ ಜೀವ ಹೋಗಬಹುದು.

‘ನಾಳೆಯಿಂದ ಮುಟ್ಟುವುದಿಲ್ಲ ಎಂದು ಮಕ್ಕಳ ತಲೆ ಮುಟ್ಟಿ ಹೇಳು’ ಎಂದು ನಾವು ಒತ್ತಾಯಿಸುವಾಗ ಕೇಳುತ್ತಿರುವುದು ಏನನ್ನು ಎಂದು ಒಮ್ಮೆ ಯೋಚಿಸಿ. ವೈದ್ಯರ ನೆರವಿಲ್ಲದೆ ಹಠಾತ್ತನೆ ನಿಲ್ಲಿಸುವುದು ಅವನಂಥವರಿಗೆ ಪ್ರಾಣಕ್ಕೆ ಎರವಾಗಬಹುದಾದ ಕೆಲಸ. ಚಿಕ್ಕಪ್ಪ ಒಂದು ಸಲ ನಿಜವಾಗಿಯೂ ನಿಲ್ಲಿಸಿದ. ಮೂರನೆಯ ರಾತ್ರಿ ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆ ಎಂದು ಕೂಗುತ್ತ ಬೀದಿಗೆ ಓಡಿದ. ನೋಡಿದವರೆಲ್ಲ, ‘ಇವತ್ತು ವಿಪರೀತ ಕುಡಿದಿದ್ದಾನೆ’ ಎಂದರು. ತನ್ನ ಬದುಕಿನಲ್ಲಿ ಅವನು ಅತ್ಯಂತ ಕಷ್ಟಪಟ್ಟು ಕುಡಿಯದೆ ಇದ್ದ ದಿನಗಳವು.

ಇದು ಕಾಯಿಲೆಯೇ, ಕೆಟ್ಟ ಚಾಳಿಯೇ? ಸ್ವೀಡನ್ನಿನ ವೈದ್ಯ ಮ್ಯಾಗ್ನಸ್ ಹಸ್ 1849ರಲ್ಲಿಯೇ ಕುಡಿತದಿಂದ ದೇಹಕ್ಕಾಗುವ ಹಾನಿಯನ್ನೆಲ್ಲ ಒಟ್ಟುಸೇರಿಸಿ ಅದಕ್ಕೆ ಆಲ್ಕೊಹಾಲಿಸಮ್ ಎಂಬ ಹೆಸರು ಕೊಟ್ಟಿದ್ದ. ಅಮೆರಿಕದ ವೈದ್ಯಕೀಯ ಸಂಘ ಇದನ್ನು ಕಾಯಿಲೆಯೆಂದು ಅಧಿಕೃತವಾಗಿ ಹೇಳಿದ್ದು 1956ರಲ್ಲಿ. ಇಷ್ಟಾದರೂ ನಾವು ಇನ್ನೂ ಅವರನ್ನು ನೀತಿಗೆಟ್ಟವರೆಂದೇ ಕರೆಯುತ್ತೇವೆ. ಅದು ತಪ್ಪು. ಆದರೆ ಕಾಯಿಲೆ ಎಂದು ಹೇಳಿ ಕೈತೊಳೆದುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ನಡುಕಕ್ಕೆ, ಸನ್ನಿಗೆ, ಮತ್ತೆ ಮತ್ತೆ ಸೋಲುವ ಸಂಕಲ್ಪಕ್ಕೆ ಕಾಯಿಲೆ ಕಾರಣ. ಹೆಂಡತಿಯ ಮುಖಕ್ಕೆ ಎತ್ತಿದ ಕೈಗೆ ಕಾಯಿಲೆಯೊಂದೇ ಕಾರಣ ಎಂದರೆ ನಾನು ನಂಬಲಾರೆ. ಕುಡಿದೂ ಕೈ ಎತ್ತದವರು ಬೇಕಾದಷ್ಟು ಜನ ಇದ್ದಾರೆ. ಚಿಕ್ಕಪ್ಪನ ಲೆಕ್ಕದಲ್ಲಿ ಕಾಯಿಲೆಯ ಪಾಲೂ ಇದೆ, ಅವನ ಪಾಲೂ ಇದೆ. ಗೆರೆ ಎಳೆದು ಎರಡನ್ನೂ ಬೇರೆ ಮಾಡಲು ನನ್ನಿಂದ ಆಗಿಲ್ಲ. ಬೇರೆಯವರಿಂದ ಆಗಿದ್ದನ್ನೂ ನಾನು ಕಂಡಿಲ್ಲ.

ಕುಡಿತದಿಂದ ಹೊರಬರಲು ಯತ್ನಿಸುವವರು ಪರಸ್ಪರ ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಶುರುವಾಯಿತು. ಅವರ ಮನೆಯವರಿಗೂ ಒಂದು ನೆಲೆ ಬೇಕೆಂದು 1951ರಲ್ಲಿ ಅಲ್-ಅನಾನ್ ಹುಟ್ಟಿತು. ಅಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುವ ಮಾತು ಇದು: ಈ ಕುಡಿತಕ್ಕೆ ಕಾರಣ ನೀನಲ್ಲ, ಅದನ್ನು ಹತೋಟಿಯಲ್ಲಿಡಲು ನಿನ್ನಿಂದಾಗದು, ವಾಸಿ ಮಾಡಲೂ ಆಗದು. ಚಿಕ್ಕಮ್ಮ ಈ ಮಾತನ್ನು ಕೇಳಿದಾಗ ಚಿಕ್ಕಪ್ಪ ಹೋಗಿ ಬಹಳ ಕಾಲವಾಗಿತ್ತು. ‘ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ನಿದ್ದೆ ಮಾಡುತ್ತಿದ್ದೆ’ ಎಂದಳು.

ಈಗ ಅವನ ಕೊನೆಯ ವರ್ಷಗಳಿಗೆ ಬರುತ್ತೇನೆ. ನಾನು ಈ ಸಭೆಗೆ ಬಂದದ್ದೇ ಇದನ್ನು ಹೇಳಲು.

ಚಿಕ್ಕಪ್ಪನ ನೆನಪು ಹೋಯಿತು. ವಯಸ್ಸಾದವರ ಮರೆವಿನಂತೆ ಮೆಲ್ಲಮೆಲ್ಲನೆ ಹೋದದ್ದಲ್ಲ. ಕೆಲವು ದಿನ ಕಣ್ಣು ಒಂದೆಡೆ ನಿಲ್ಲದಾಯಿತು, ಕಾಲು ಅಗಲಿಸಿ ತೂರಾಡುತ್ತ ನಡೆದ, ಏನು ಕೇಳಿದರೂ ಗಲಿಬಿಲಿ. ಇದನ್ನೂ ಅಮಲು ಎಂದೇ ಎಲ್ಲರೂ ತಿಳಿದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ತಡವಾಗಿತ್ತು. ಜರ್ಮನಿಯ ಕಾರ್ಲ್ ವೆರ್ನಿಕೆ 1881ರಲ್ಲಿ ಈ ಸ್ಥಿತಿಯನ್ನು ವಿವರಿಸಿದ್ದ. ಅದರ ಹಿಂದೆಯೇ ಬರುವ ನೆನಪಿನ ನಾಶವನ್ನು 1887ರಿಂದ ಮುಂದೆ ವಿವರಿಸಿದವನು ಮಾಸ್ಕೋದ ಸೆರ್ಗೆಯ್ ಕೊರ್ಸಕಾಫ್. ಇದಕ್ಕೆ ಮೂಲ ಥಯಮಿನ್ ಎಂಬ ಬಿ1 ಜೀವಸತ್ವದ ಕೊರತೆ ಎಂಬುದು ಆಮೇಲೆ ತಿಳಿದುಬಂತು. ದೇಹದಲ್ಲಿ ಅದರ ದಾಸ್ತಾನು ಎರಡು ಮೂರು ವಾರಗಳಿಗಾಗುವಷ್ಟು ಮಾತ್ರ. ವಿಪರೀತ ಕುಡಿಯುವವರು ಸರಿಯಾಗಿ ಉಣ್ಣುವುದಿಲ್ಲ, ಉಂಡದ್ದರಿಂದಲೂ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಬೇಗ ಗೊತ್ತಾದರೆ ಥಯಮಿನ್ ಚುಚ್ಚುಮದ್ದಿನಿಂದ ಬಹಳಷ್ಟನ್ನು ಉಳಿಸಿಕೊಳ್ಳಬಹುದು. ದುಬಾರಿ ಔಷಧವೂ ಅಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಕೊರ್ಸಕಾಫ್ ವಿವರಿಸಿದ ಈ ಕಾಯಿಲೆಯವರು ಹೊಸದನ್ನು ನೆನಪಿಟ್ಟುಕೊಳ್ಳಲಾರರು. ನೆನಪಿನಲ್ಲಿ ಖಾಲಿಯಾದ ಜಾಗವನ್ನು ತಮಗೇ ತಿಳಿಯದೆ ಕಥೆಗಳಿಂದ ತುಂಬಿಕೊಳ್ಳುತ್ತಾರೆ. ಅವರು ಸುಳ್ಳು ಹೇಳುತ್ತಿರುವುದಿಲ್ಲ, ಹೇಳುವುದನ್ನೆಲ್ಲ ಪೂರ್ತಿ ನಂಬಿರುತ್ತಾರೆ. ಅನೇಕ ವೇಳೆ ಆ ಕಥೆ ಬರಿಯ ಕಲ್ಪನೆಯೂ ಆಗಿರುವುದಿಲ್ಲ. ಎಂದೋ ನಡೆದ ನಿಜವಾದ ಸಂಗತಿ ತನ್ನ ಕಾಲದಿಂದ, ತನ್ನ ಜಾಗದಿಂದ ಕಿತ್ತು ಬಂದು ಇನ್ನೆಲ್ಲೋ ಕೂತಿರುತ್ತದೆ.

ಒಂದು ಮಧ್ಯಾಹ್ನ ವಾರ್ಡಿನಲ್ಲಿ ಚಿಕ್ಕಪ್ಪ ನರ್ಸಮ್ಮನಿಗೆ ಹೇಳುತ್ತಿದ್ದ: ‘ಬೆಳಿಗ್ಗೆ ಮಗನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು ಬಂದೆ. ಗಂಟೆ ಬಾರಿಸು ಬಾರಿಸು ಅಂತ ದಾರಿಯುದ್ದಕ್ಕೂ ಪೀಡಿಸಿದ.’ ಮಗ ಮಂಚದ ಕಾಲಬಳಿ ನಿಂತಿದ್ದ, ಮೂವತ್ತು ದಾಟಿದ ಗಂಡಸು. ಒಂದು ದಿನವೂ ಅಪ್ಪನ ಸೈಕಲ್ ಮೇಲೆ ಶಾಲೆಗೆ ಹೋದವನಲ್ಲ. ಅವನು ಶಾಲೆಗೆ ಹೋಗುವ ವಯಸ್ಸಿಗೆ ಬರುವಷ್ಟರಲ್ಲಿ ಸೈಕಲ್ಲೂ ಮಾರಿಹೋಗಿತ್ತು. ಗಂಟೆ ಬಾರಿಸೆಂದು ಪೀಡಿಸುತ್ತಿದ್ದವಳು ನಾನು.

ನನ್ನ ತಮ್ಮ ಹೊರಗೆ ಹೋದ. ನಾನು ಹಿಂದೆಯೇ ಹೋದೆ. ಕಾರಿಡಾರಿನಲ್ಲಿ ನಿಂತು ಅವನು ಹೇಳಿದ್ದು: ‘ಅಕ್ಕಾ, ಅಪ್ಪ ಎಲ್ಲವನ್ನೂ ಮರೆತು ಪಾರಾಗಿಬಿಟ್ಟರು. ನಾನು ಎಲ್ಲಿಗೆ ಹೋಗಲಿ?’ ಆ ಸೈಕಲ್ ಮೇಲೆ ಕುಳಿತಿದ್ದವಳು ನಾನು ಎಂದು ಹೇಳಬೇಕೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ ಅವನೇ, ‘ಅದು ನಿನ್ನನ್ನು ಬಿಡುತ್ತಿದ್ದ ವಿಷಯ, ನನಗೆ ಗೊತ್ತು. ಅಮ್ಮ ಹೇಳಿದ್ದಾಳೆ’ ಎಂದ. ಸ್ವಲ್ಪ ಹೊತ್ತಿನ ಮೇಲೆ, ‘ನಿನಗೆ ಸಿಕ್ಕಿದ ಚಿಕ್ಕಪ್ಪ ನನಗೆ ಅಪ್ಪನಾಗಿ ಸಿಗಲಿಲ್ಲ’ ಎಂದ. ಆ ಮಾತಿನಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಚಿಕ್ಕಪ್ಪನನ್ನು ನೆನೆಯುವುದೆಂದರೆ ನನಗೆ ಅಂದಿನಿಂದ ಇದೇ ಪ್ರಶ್ನೆ. ನನ್ನಲ್ಲಿರುವ ಸವಿ ನೆನಪು ನಿಜ. ಆದರೆ ಅದು ಹಿಂದಿನ ಅವನದು, ಇನ್ನೂ ಕುಡಿತ ಅಷ್ಟಾಗಿ ಹಿಡಿಯದವನದು, ಸಂಜೆಯಾದರೆ ತನ್ನ ಮನೆಗೆ ಹೊರಟುಹೋಗುತ್ತಿದ್ದವನದು. ರಾತ್ರಿಯ ಅಗುಳಿಯ ಸದ್ದು ನನ್ನ ಪಾಲಿಗೆ ಬರಲಿಲ್ಲ. ಸಾವಿನ ಮನೆಯಲ್ಲಿ ಜೋರಾಗಿ ಹೊಗಳುವವರು ಯಾವಾಗಲೂ ನನ್ನಂಥವರೇ: ಅಣ್ಣನ ಮಕ್ಕಳು, ಗೆಳೆಯರು, ಗಿರಾಕಿಗಳು. ನಮಗೆ ಸಿಕ್ಕಿದ್ದು ಪ್ರೀತಿಯ ಭಾಗ, ಅದರ ಬೆಲೆ ತೆತ್ತವರು ಬೇರೆಯವರು.

ಹಾಗಂತ ನಾನು ನನ್ನ ನೆನಪನ್ನು ಬಿಟ್ಟುಕೊಡಬೇಕೇ? ಇಲ್ಲಿ ನಮ್ಮ ಕನ್ನಡದ ಆದಿಕವಿಯೇ ನನಗೆ ನೆರವಾಗುತ್ತಾನೆ. ಮಹಾಭಾರತದಲ್ಲಿ ಬೇರಾರನ್ನೂ ನೆನೆಯಬೇಡ, ಒಂದೇ ಮನಸ್ಸಿನಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಎಂದ ಪಂಪ. 10ನೆಯ ಶತಮಾನದಿಂದ ಆ ಪದ್ಯವನ್ನು ನಾವು ಬಾಯಲ್ಲಿಟ್ಟುಕೊಂಡು ಬಂದಿದ್ದೇವೆ. ಯಾವ ಕರ್ಣ? ದಾನಿ, ಕೊಟ್ಟ ಮಾತಿಗೆ ತಪ್ಪದವನು, ಹುಟ್ಟಿದೊಡನೆ ನೀರಿಗೆ ಬಿಡಲ್ಪಟ್ಟವನು. ವ್ಯಾಸಭಾರತದ ಸಭಾಪರ್ವದಲ್ಲಿ ದ್ರೌಪದಿಯನ್ನು ಬಾಯಿಗೆ ಬಂದಂತೆ ಹೀನಾಯವಾಗಿ ನುಡಿದು, ಅವಳ ವಸ್ತ್ರ ಸೆಳೆಯಲು ದುಃಶಾಸನನಿಗೆ ಹೇಳಿದವನೂ ಇದೇ ಕರ್ಣ. ಉದ್ಯೋಗಪರ್ವದಲ್ಲಿ ಕೃಷ್ಣನೆದುರು, ದುರ್ಯೋಧನನನ್ನು ಮೆಚ್ಚಿಸಲು ಪಾಂಡವರಿಗೆ ಆಡಿದ ಕಟುಮಾತುಗಳಿಗಾಗಿ ಬೇಯುತ್ತಿದ್ದೇನೆ ಎಂದವನೂ ಅವನೇ. ಯುದ್ಧ ಮುಗಿದ ಮೇಲೆ ಸ್ತ್ರೀಪರ್ವದಲ್ಲಿ ಅವನ ಹೆಂಡತಿ ಹೆಣದ ಮೇಲೆ ಬಿದ್ದು ಗೋಳಾಡುತ್ತಾಳೆ. ಕುಂತಿ ತನ್ನ ಮಕ್ಕಳಿಗೆ ಅವನು ನಿಮ್ಮ ಹಿರಿಯಣ್ಣ, ಅವನಿಗೂ ನೀರು ಬಿಡಿ ಎನ್ನುತ್ತಾಳೆ. ತಾನು ಕೊಲ್ಲಿಸಿದವನು ತನ್ನ ಅಣ್ಣ ಎಂದು ಆ ಗಳಿಗೆಯಲ್ಲಿ ತಿಳಿದ ಧರ್ಮರಾಯ ತಾಯಿಯ ಮೇಲೆಯೇ ಸಿಡಿಯುತ್ತಾನೆ. ಒಬ್ಬನೇ ಮನುಷ್ಯ ಇಷ್ಟು ಜನರ ಪಾಲಿಗೆ ಇಷ್ಟು ಬಗೆ. ಅವರಲ್ಲಿ ಯಾರ ನೆನಪನ್ನೂ ಕಾವ್ಯ ಅಳಿಸಿಹಾಕಲಿಲ್ಲ. ಕುಂತಿಯ ದುಃಖ ದೊಡ್ಡದೆಂದು ದ್ರೌಪದಿಯ ಅವಮಾನವನ್ನು ಕಡಿಮೆ ಮಾಡಲಿಲ್ಲ. ನಮ್ಮ ಪುಟ್ಟ ಮನೆಗಳಿಂದ ಇಷ್ಟು ಏಕೆ ಆಗುವುದಿಲ್ಲ?

ದುಃಖದ ಬಗ್ಗೆ ತಿಳಿದವರು ಹೇಳಿರುವ ಒಂದೆರಡು ಸಂಗತಿಗಳನ್ನು ಬೇಗ ಹೇಳಿಬಿಡುತ್ತೇನೆ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಹೇಳಿದ ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಕೊಳ್ಳುವಿಕೆ ಎಂಬ ಐದು ಹಂತಗಳನ್ನು ಎಲ್ಲರೂ ಉದ್ಧರಿಸುತ್ತಾರೆ. ಅವು ಸಾವು ಎದುರಾಗಿದ್ದ ರೋಗಿಗಳ ಜೊತೆ ಮಾತನಾಡಿ ಕಂಡುಕೊಂಡವು, ಹಿಂದೆ ಉಳಿದವರ ದುಃಖವನ್ನು ಅಳೆದು ಮಾಡಿದವಲ್ಲ. ನಿಮ್ಮ ದುಃಖ ಆ ಮೆಟ್ಟಿಲುಗಳಲ್ಲಿ ಏರದಿದ್ದರೆ ನಿಮ್ಮಲ್ಲಿ ದೋಷವಿದೆ ಎಂದುಕೊಳ್ಳಬೇಡಿ. ನಮ್ಮ ಪರಿಸ್ಥಿತಿಗೆ ಹೆಚ್ಚು ಹತ್ತಿರವಾದದ್ದು ಪಾಲಿನ್ ಬಾಸ್ ಅವರ ಮಾತು. 1970ರ ದಶಕದಲ್ಲಿ ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ನೋಡುತ್ತ ಅವರು ಕಂಡುಕೊಂಡದ್ದು: ಇದ್ದಾನೋ ಇಲ್ಲವೋ ಎಂದು ತೀರ್ಮಾನವಾಗದ ನಷ್ಟ ಎಲ್ಲಕ್ಕಿಂತ ಕಠಿಣ. ದೇಹ ಇದ್ದು ಮನುಷ್ಯ ಇಲ್ಲದಂತಾಗುವುದನ್ನೂ ಅವರು ಇದರಲ್ಲಿ ಸೇರಿಸಿದರು. ಮರೆವಿನ ಕಾಯಿಲೆ ಮತ್ತು ವ್ಯಸನ ಅಂಥವು. ಚಿಕ್ಕಮ್ಮ ಗಂಡನನ್ನು ಕಳೆದುಕೊಂಡದ್ದು ಅವನು ಸತ್ತ ದಿನ ಅಲ್ಲ. ಅವಳು ಅವನನ್ನು ಅದಾಗಲೇ ಎಷ್ಟೋ ಸಲ ಕಳೆದುಕೊಂಡಿದ್ದಳು. ಆ ದಿನ ಅವಳ ಕಣ್ಣಿನಲ್ಲಿ ನೀರು ಬರಲಿಲ್ಲವೆಂದು ಆಡಿಕೊಂಡವರಿಗೆ ಇದು ಹೊಳೆಯಲಿಲ್ಲ.

ಕೆನೆತ್ ಡೋಕಾ 1989ರಲ್ಲಿ, ಸಮಾಜ ಮಾನ್ಯ ಮಾಡದ ದುಃಖ ಎಂಬುದೊಂದಿದೆ ಎಂದರು. ಕುಡಿದು ಸತ್ತವನಿಗಾಗಿ ಅಳುವುದು ಅದೇ ಜಾತಿಯದು. ‘ಅಂಥವನಿಗೆ ಯಾಕೆ ಇಷ್ಟು ಅಳುತ್ತೀ’ ಎನ್ನುತ್ತಾರೆ. ಸಿಗ್ಮಂಡ್ ಫ್ರಾಯ್ಡ್ 1917ರಷ್ಟು ಹಿಂದೆಯೇ ಬರೆದಿದ್ದ: ಪ್ರೀತಿಯೂ ದ್ವೇಷವೂ ಬೆರೆತ ಸಂಬಂಧ ಕಡಿದುಹೋದಾಗ, ಹೋದವರ ಮೇಲಿನ ಸಿಟ್ಟು ಉಳಿದವರ ಒಳಕ್ಕೇ ತಿರುಗಿ ಅವರು ತಮ್ಮನ್ನೇ ದೂಷಿಸಿಕೊಳ್ಳತೊಡಗುತ್ತಾರೆ. ಅವನ ಉಳಿದ ಸಿದ್ಧಾಂತಗಳ ಬಗ್ಗೆ ತಕರಾರುಗಳಿರಲಿ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಸತ್ತ ಸುದ್ದಿ ಬಂದಾಗ ತನಗೆ ನಿರಾಳವಾಯಿತು ಎಂಬುದಕ್ಕಾಗಿ ನನ್ನ ತಮ್ಮ ವರ್ಷಗಟ್ಟಲೆ ತನ್ನನ್ನು ತಾನು ಶಿಕ್ಷಿಸಿಕೊಂಡ. ನಿರಾಳವಾಗುವುದು ಸಹಜ. ಅದರಿಂದ ಪ್ರೀತಿ ಇರಲಿಲ್ಲವೆಂದು ಸಿದ್ಧವಾಗುವುದಿಲ್ಲ. ಭಯ ಮುಗಿಯಿತು ಎಂದಷ್ಟೇ ಅದರ ಅರ್ಥ.

ನಮ್ಮ ಮನೆಯಲ್ಲಿ ನಾವು ಏನು ಮಾಡಿದೆವು ಎಂದು ಕೆಲವರು ಮೊದಲೇ ಕೇಳಿದ್ದಿರಿ. ಚಿಕ್ಕಪ್ಪನ ವಿಷಯ ಬಂದಾಗ ಚಿಕ್ಕಮ್ಮ ಮತ್ತು ತಮ್ಮ ಮೊದಲು ಮಾತನಾಡುತ್ತಾರೆ, ನಾವೆಲ್ಲ ಆಮೇಲೆ. ಅವರು ಹೇಳುವುದನ್ನು ಯಾರೂ ‘ಆದರೆ ಅವನು ಒಳ್ಳೆಯವನೂ ಆಗಿದ್ದ’ ಎಂದು ನಡುವೆ ತುಂಡರಿಸುವುದಿಲ್ಲ. ಈ ‘ಆದರೆ’ ಬಹಳ ನೋವು ಕೊಡುತ್ತದೆ. ಅವರು ಮುಗಿಸಿದ ಮೇಲೆ ನಾನು ಡಯಲ್ ದಾರದ ಕಥೆ ಹೇಳುತ್ತೇನೆ. ತಮ್ಮ ಮೊದಲೆಲ್ಲ ಎದ್ದು ಹೋಗುತ್ತಿದ್ದ, ಈಗ ಕೇಳುತ್ತಾನೆ. ಒಂದು ಸಲ ಅವನೇ, ದಾರ ಯಾವ ಕಡೆಯಿಂದ ಸುತ್ತಬೇಕು ಎಂದು ಕೇಳಿದ. ಅವನಿಗೆ ಯಾರೂ ಕಲಿಸಿರಲಿಲ್ಲ.

ಕುಡಿತಕ್ಕೆ ಮೊದಲಿನ ಒಳ್ಳೆಯವನು, ಆಮೇಲಿನ ಕೆಟ್ಟವನು ಎಂದು ಅವನನ್ನು ಎರಡಾಗಿ ಸೀಳುವುದನ್ನೂ ಬಿಟ್ಟಿದ್ದೇವೆ. ಅದು ಕೇಳಲು ಹಿತ, ಆದರೆ ನಿಜವಲ್ಲ. ಕುಡಿಯುವ ಮೊದಲೂ ಅವನಿಗೆ ಮೂಗಿನ ತುದಿಯಲ್ಲಿ ಕೋಪವಿತ್ತು. ಪೂರ್ತಿ ಮುಳುಗಿದ ಮೇಲೂ, ಪಕ್ಕದ ಮಂಚದ ರೋಗಿಯ ಕೆಟ್ಟ ರೇಡಿಯೊ ನೋಡಿ ಸ್ಕ್ರೂ ಡ್ರೈವರ್ ಕೊಡಿ ಎಂದು ಕೈಚಾಚಿದವನು ಅವನು.

ಮನೆಯ ಮಕ್ಕಳಿಗೂ ಪೂರ್ತಿ ಹೇಳಿದ್ದೇವೆ. ಹೇಳುವುದಕ್ಕೆ ವೈದ್ಯಕೀಯ ಕಾರಣವೂ ಇದೆ. ಅವಳಿಗಳನ್ನು ಮತ್ತು ದತ್ತು ಮಕ್ಕಳನ್ನು ಕುರಿತ ಅಧ್ಯಯನಗಳ ಪ್ರಕಾರ, ಕುಡಿತದ ಚಟಕ್ಕೆ ಬೀಳುವ ವಿಷಯದಲ್ಲಿ ಜನರ ನಡುವಿನ ವ್ಯತ್ಯಾಸದ ಸುಮಾರು ಅರ್ಧದಷ್ಟು ಆನುವಂಶಿಕ. ಅಂದರೆ ಕುಡುಕನ ಮಗ ಕುಡುಕನಾಗುವ ಸಾಧ್ಯತೆ ಅರ್ಧ ಎಂದಲ್ಲ. ಹಾಗೆ ಹೇಳಿ ಮಕ್ಕಳನ್ನು ಹೆದರಿಸಬೇಡಿ. ಬೇರೆಯವರಿಗಿಂತ ತಾವು ಹೆಚ್ಚು ಎಚ್ಚರವಾಗಿರಬೇಕು ಎಂಬುದು ಅವರಿಗೆ ತಿಳಿದಿರಬೇಕು. ‘ತಾತ ಹೃದಯಾಘಾತದಿಂದ ಹೋದರು’ ಎಂದು ಸುಳ್ಳು ಹೇಳಿ ಬೆಳೆಸಿದ ಮಗುವಿಗೆ ಆ ಎಚ್ಚರ ಎಲ್ಲಿಂದ ಬರಬೇಕು?

ಮಾತು ಮುಗಿದ ಮೇಲೆ ನಡೆದ ಪ್ರಶ್ನೋತ್ತರದಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ಕೇಳಿದಳು: ‘ನೀವು ಹೋದವರ ಬಗ್ಗೆ ಹೇಳಿದಿರಿ. ನಮ್ಮ ಅಣ್ಣ ಇನ್ನೂ ಇದ್ದಾನೆ, ದಿನವೂ ಕುಡಿಯುತ್ತಾನೆ. ನಾನು ಏನು ಮಾಡಲಿ?’

ನಾನು ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ತಾಯೀ, ಇವತ್ತೇ ನಿಲ್ಲಿಸು ಎಂದು ಆಣೆ ಹಾಕಿಸಿಕೊಳ್ಳಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗು. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಕುಡಿಯುತ್ತಾನೆ, ಕೊನೆಯ ಸಲ ಯಾವಾಗ ಕುಡಿದ, ಹಿಂದೆ ಫಿಟ್ಸ್ ಬಂದಿತ್ತೇ ಎಂಬುದನ್ನು ಮುಚ್ಚಿಡದೆ ವೈದ್ಯರಿಗೆ ಹೇಳು. ಥಯಮಿನ್ ಕೊಡಬೇಕೇ ಎಂದು ನೀನಾಗಿಯೇ ಕೇಳು. ಅವನ ನಡಿಗೆ ಬದಲಾದರೆ, ಕಣ್ಣು ನಿಲ್ಲದಿದ್ದರೆ, ಮಾತು ಗಲಿಬಿಲಿಯಾದರೆ ಅಮಲು ಎಂದು ಬೆಳಗಿನ ತನಕ ಕಾಯಬೇಡ, ಅದೇ ರಾತ್ರಿ ಹೊರಡು. ಅವನು ಬರಲೊಪ್ಪದಿದ್ದರೆ ನೀನೊಬ್ಬಳೇ ಹೋಗಿ ವೈದ್ಯರನ್ನು ಕಂಡು ಬಾ. ಅವನು ಕೈ ಎತ್ತುತ್ತಾನಾದರೆ ಅತ್ತಿಗೆಯೂ ಮಕ್ಕಳೂ ಆ ರಾತ್ರಿ ಎಲ್ಲಿಗೆ ಹೋಗಬೇಕು ಎಂಬುದನ್ನು ಇಂದೇ ಅವರ ಜೊತೆ ಕೂತು ಗೊತ್ತುಮಾಡು.

ಅವಳು ಚೀಟಿಯೊಂದನ್ನು ತೆಗೆದು, ‘ಆ ಔಷಧದ ಹೆಸರನ್ನು ಇನ್ನೊಂದು ಸಲ ಹೇಳಿ’ ಎಂದಳು. ಹೇಳಿದೆ. ಬೇರೆ ಕೆಲವರೂ ಬರೆದುಕೊಂಡರು.